ಚಳಿಗಾಲಕ್ಕೆ ಬಾಡಿಗೆ ಮನೆ: ಪ್ಲಂಬರ್ ಕಾಕಾನಿಗೆ ಕೇಳಿ (ಬೆಳಗಾವಿಯವರ ಗುಂಪು; ಹೆಸರಿನ ಬದಲು ಅವರವರ ಬಡಾವಣೆ)

ಟಿಳಕವಾಡಿ ಬಾಡಿಗೆದಾರ: ಕಾಕಾ, ಮಾಲೀಕರು ಕೊಟ್ಟ ಕರೆಂಟ್ ಗೀಸರ್ ಹೋದ ಚಳಿಗಾಲದಿಂದ ಹಾಗೇ ಬಿದ್ದಿತ್ತು. ಈಗ ಹಚ್ಚಿದರೆ ನಳ ಮುಟ್ಟಿದಾಗ ಚುರ್ ಎನ್ನುತ್ತದೆ. ರಿಪೇರಿ ಯಾರದು?

ಪ್ಲಂಬರ್ ಕಾಕಾ: ಹಚ್ಚಬೇಡಿ. ಕಾಯಿಲ್ ಒಡೆದಿರಬೇಕು, ಅರ್ತಿಂಗೂ ಇಲ್ಲ ಅನಿಸುತ್ತದೆ. ಗೀಸರ್, ವೈರಿಂಗ್ ಮಾಲೀಕರದು, ಅವರೇ ಮಾಡಿಸಿಕೊಟ್ಟರೆ ನ್ಯಾಯ. ನಳದ ವಾಶರ್, ಬಲ್ಬು ನಿಮ್ಮದು. ಕರಾರಿನಲ್ಲಿ ಬೇರೆ ಬರೆದಿದ್ದರೆ ಅದರಂತೆ.

ಅನಗೋಳ: ನಮ್ಮದು ಹಂಚಿನ ಮನೆ. ಹಂಚು ಸರಿದು ರಾತ್ರಿಯಿಡೀ ಗಾಳಿ ನುಗ್ಗುತ್ತದೆ. ಮಾಲೀಕರು ಪುಣೆಯಲ್ಲಿ. ಏನು ಮಾಡಲಿ?

ವಡಗಾವಿ: ಗೀಸರ್ ಪ್ಲಗ್ ಕರಗಿದೆ. ಗೀಸರ್ 2 ಕಿಲೋವ್ಯಾಟಿನದು, ಸಾಕೆಟ್ ಸಣ್ಣದು.

ಪ್ಲಂಬರ್ ಕಾಕಾ: ಅದು ಸುಮಾರು 9 ಆಂಪಿಯರ್ ಎಳೆಯುತ್ತದೆ. 6ರ ಸಾಕೆಟ್ ಹೇಗೆ ತಡೆದೀತು? 16ರದು ಹಾಕಿಸಿ.

ಶಹಾಪುರ: ಕಾಕಾ, ಈ ಮನೆಗೆ ಬಂದು ಒಂದು ತಿಂಗಳು. ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್ ಇದೆ. ಚಳಿ ಬರುತ್ತದೆಂದು ಮಾಲೀಕರು ಕಿಟಕಿಗೆ ರಟ್ಟು ಬಡಿದಿದ್ದಾರೆ. ಇವತ್ತು ಮಗಳು ಸ್ನಾನ ಮಾಡಿ ಬಂದವಳೇ ತಲೆನೋವು, ವಾಕರಿಕೆ ಎಂದಳು. ಪಿತ್ತ ಇರಬೇಕು ಎಂದು ಅತ್ತೆ ಲಿಂಬೆ ಶರಬತ್ತು ಕೊಟ್ಟರು. ಗೀಸರ್ ಸರ್ವಿಸ್ ಖರ್ಚು ಯಾರು ಕೊಡಬೇಕು?

ಪ್ಲಂಬರ್ ಕಾಕಾ: ಅಕ್ಕಾರೆ, ಖರ್ಚಿನ ಮಾತು ಆಮೇಲೆ. ಅದು ಪಿತ್ತ ಅಲ್ಲ ಅನಿಸುತ್ತದೆ. ಮೊದಲು ಸಿಲಿಂಡರ್ ಬಂದ್ ಮಾಡಿ. ಮಗಳನ್ನು ಈಗಲೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಗ್ಯಾಸ್ ಗೀಸರ್ ಇದೆ ಎಂದು ಬಾಯಿ ಬಿಟ್ಟು ಹೇಳಿ. ಬೆಂಕಿ ಉರಿಯಲು ಗಾಳಿ ಬೇಕು. ಮುಚ್ಚಿದ ಕೋಣೆಯಲ್ಲಿ ಗಾಳಿ ಕಡಿಮೆಯಾದರೆ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸಿಲಿಂಡರ್ ಸೋರಿದರೆ ಬರುವ ವಾಸನೆ ಬೇರೆ, ಅದನ್ನು ಬೇಕಂತಲೇ ಸೇರಿಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡ್ ಒಳಹೋದರೆ ತಲೆ ಭಾರ, ವಾಕರಿಕೆ, ಕಾಲಲ್ಲಿ ಬಲ ಇಲ್ಲದಂತಾಗುವುದು. ಆಮೇಲೆ ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಉರಿ ಹಳದಿಯಾಗಿದ್ದರೆ, ಮಸಿ ಕಟ್ಟಿದ್ದರೆ ಇನ್ನೂ ಕೆಟ್ಟದ್ದು. ಆದರೆ ನೀಲಿ ಇದೆ ಎಂದು ನಂಬಿ ಕೂರಬೇಡಿ. ಗೀಸರ್ ಹೊರಗೆ ಹಾಕಿಸಿ, ಬಿಸಿನೀರು ಪೈಪಿನಲ್ಲಿ ಒಳಗೆ ತನ್ನಿ. ಖರ್ಚು ಮಾಲೀಕರಿಂದಲೇ ಕೇಳಿ. ರಟ್ಟು ಮಾತ್ರ ಇವತ್ತೇ ಕಿತ್ತುಹಾಕಿ, ಯಾರನ್ನೂ ಕೇಳಬೇಡಿ.

ಹಿಂಡಲಗಾ: ಫಾರ್ವರ್ಡ್ ಬಂದಿದೆ: ಬಕೆಟ್ ತಣ್ಣೀರಿನಲ್ಲಿ ಈರುಳ್ಳಿ ಹಾಕಿ ಇಟ್ಟರೆ ವಿಷಗಾಳಿ ಹೀರುತ್ತದಂತೆ 🙏

ಪ್ಲಂಬರ್ ಕಾಕಾ: ಈರುಳ್ಳಿ ಪಲ್ಯಕ್ಕೆ ಹಾಕಿ. ಈ ಗಾಳಿ ನೀರಿನಲ್ಲಿ ಕರಗುವುದೇ ಅತ್ಯಲ್ಪ. ಇಂಥದ್ದು ನಂಬಿ ಬಾಗಿಲು ಹಾಕಿಕೊಂಡರೆ ಹೆಣ ಬೀಳುತ್ತದೆ. ಮಲಗುವ ಕೋಣೆಯಲ್ಲಿ ಇದ್ದಲಿನ ಶೇಗಡಿ ಇಡುವವರಿಗೂ ಇದೇ ಮಾತು.

ಹಿಂಡಲಗಾ: ಸುಮ್ನೆ ಕೇಳಿದೆ. ಇಷ್ಟು ಸಿಟ್ಟು ಯಾಕೆ?

ಸದಾಶಿವನಗರ ಮಾಲೀಕ: ಎಲ್ಲಾ ಖರ್ಚೂ ಮಾಲೀಕನ ತಲೆಗೆ! ಗೀಸರ್ ಬಳಸಿ ಕೆಡಿಸುವವರು ಯಾರು?

ಟಿಳಕವಾಡಿ ಬಾಡಿಗೆದಾರ: ಬಾಡಿಗೆ ಏರಿಸುವಾಗ ಮಾತ್ರ ಮನೆ ನಿಮ್ಮದು, ಅಲ್ವಾ?

ಸದಾಶಿವನಗರ ಮಾಲೀಕ: ಮಾತು ನೋಡಿಕೊಂಡು ಆಡಿ.

ವಕೀಲ ಸದಸ್ಯ: ಇಬ್ಬರೂ ಕೇಳಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಇದೆ. ಮಾಲೀಕ ಮಾಡಿಸಲೇಬೇಕಾದ ರಿಪೇರಿಯನ್ನು, ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕರಾರು ಬೇರೆ ಹೇಳಿದರೆ ಕರಾರೇ ಮೇಲು. ಬಾಡಿಗೆದಾರನೂ ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲೇ ಇಟ್ಟುಕೊಳ್ಳಬೇಕು, ಸಹಜ ಸವಕಳಿ ಬಿಟ್ಟು.

ಸದಾಶಿವನಗರ ಮಾಲೀಕ: ನೋಟಿಸ್ ಕೊಡುವವರಿಗೆ ನಾನು ಮನೆಯನ್ನೇ ಕೊಡುವುದಿಲ್ಲ.

ವಡಗಾವಿ: 16ರ ಸಾಕೆಟ್ ಖರ್ಚು ಯಾರದು?

ಪ್ಲಂಬರ್ ಕಾಕಾ: ಮೇಲೆ ಓದಿ.

ಶಹಾಪುರ: ರಟ್ಟು ಕಿತ್ತೆವು. ಮಗಳು ಈಗ ಆರಾಮ, ಡಾಕ್ಟರ್ ಕೂಡ ಗ್ಯಾಸಿನದೇ ಎಂದರು. ಮಾಲೀಕರು ಸಿಟ್ಟಾಗಿದ್ದಾರೆ, ರಟ್ಟಿನ ದುಡ್ಡು ಡಿಪಾಸಿಟ್‌ನಲ್ಲಿ ಹಿಡಿಯುತ್ತಾರಂತೆ.

ಪ್ಲಂಬರ್ ಕಾಕಾ: ರಟ್ಟಿನ ದುಡ್ಡು ನಾನು ಕೊಡುತ್ತೇನೆ. ಅವರ ನಂಬರ್ ನನಗೆ ಕಳಿಸಿ.

ಅನಗೋಳ: ಕಾಕಾ, ಹಂಚು?