ಸೈಕಲ್ಲಿನ ಹಿಂದಿನ ಗಾಲಿಗೆ ಎಂಜಿನ್ ಸ್ಪ್ರಾಕೆಟ್: ಪ್ರಶ್ನೋತ್ತರ

ಪ್ರಶ್ನೆ (ಸೇಡಂನಿಂದ): ನಮಸ್ಕಾರ ಸರ್. ತೊಗರಿ ಹೊಲಕ್ಕೆ ಹೋಗಿಬರಲೆಂದು ನಮ್ಮ ತಂದೆಯವರ ಹಳೆಯ 28 ಇಂಚಿನ ಸೈಕಲ್ಲಿಗೆ 49 ಸಿಸಿ ಎಂಜಿನ್ ಕಿಟ್ ಜೋಡಿಸುತ್ತಿದ್ದೇನೆ. 44 ಹಲ್ಲಿನ ಸ್ಪ್ರಾಕೆಟ್ಟನ್ನು (ಚೈನು ಕೂರುವ ಹಲ್ಲುಚಕ್ರವನ್ನು) ರಬ್ಬರ್ ಬಿಲ್ಲೆಗಳ ಜೊತೆ ಎಡಮಗ್ಗುಲಿಗೆ ಕೂಡಿಸಿದರೆ, 9 ಬೋಲ್ಟುಗಳಲ್ಲಿ ಕೆಲವು ಸ್ಪೋಕುಗಳಿಗೆ ಒತ್ತಿಕೊಳ್ಳುತ್ತವೆ. ಗಾಲಿ ತಿರುಗಿಸಿದಾಗ ಚೈನು ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಜೋಲುತ್ತದೆ. ಇನ್ನಷ್ಟು ಬಿಗಿದರೆ ಸರಿಹೋಗುವುದೇ?

ಉತ್ತರ (ಸೈಕಲ್ ಮೆಕ್ಯಾನಿಕ್, ಕಲಬುರಗಿ): ನಮಸ್ಕಾರ. ದಯವಿಟ್ಟು ಇನ್ನು ಬಿಗಿಯಬೇಡಿ. ಮೊದಲು ಹಿಂದಿನ ಗಾಲಿಯ ಸ್ಪೋಕುಗಳನ್ನು ಎಣಿಸಿರಿ. ನಮ್ಮ ಕಡೆಯ ಹಳೆಯ 28 ಇಂಚಿನ ಸೈಕಲ್ಲುಗಳಿಗೆ ಸಾಮಾನ್ಯವಾಗಿ ಮುಂದೆ 32, ಹಿಂದೆ 40 ಸ್ಪೋಕುಗಳಿರುತ್ತವೆ. ನಿಮ್ಮ ಕಿಟ್ಟಿನ ಸ್ಪ್ರಾಕೆಟ್ ಮಾತ್ರ 36 ಸ್ಪೋಕಿನ ಗಾಲಿಯನ್ನು ಲೆಕ್ಕಕ್ಕಿಟ್ಟು ಮಾಡಿದ್ದು: ನಾಲ್ಕು ಸ್ಪೋಕಿಗೊಂದರಂತೆ 9 ಬೋಲ್ಟುಗಳು ಅಲ್ಲಿ ಸರಾಗವಾಗಿ ಸಂದಿಯಲ್ಲಿ ಇಳಿಯುತ್ತವೆ, 40ರಲ್ಲಿ ಇಳಿಯುವುದಿಲ್ಲ. ಒತ್ತಾಯದಿಂದ ಬಿಗಿದರೆ ಬಾಗಿದ ಸ್ಪೋಕು ಹಬ್ಬಿನ (ಗಾಲಿಯ ನಡುಭಾಗದ) ಬಳಿ ಮುರಿಯುತ್ತದೆ. ಎಂಜಿನ್ ಎಳೆತದಲ್ಲಿರುವಾಗ ಅದು ಮುರಿದು ಚೈನಿಗೆ ಸಿಕ್ಕರೆ ಸವಾರನ ಜೀವಕ್ಕೇ ಅಪಾಯ. ಆದ್ದರಿಂದ 36 ತೂತಿನ ಹಬ್ಬು ಮತ್ತು ರಿಮ್ಮು ತಂದು, ದಪ್ಪ ಸ್ಪೋಕು ಹಾಕಿಸಿ ಗಾಲಿಯನ್ನು ಹೊಸದಾಗಿ ಕಟ್ಟಿಸುವುದೇ ನನ್ನ ಸಲಹೆ. ಖರ್ಚಾಗುತ್ತದೆ, ಆದರೆ ಇಲ್ಲಿ ಉಳಿತಾಯ ನೋಡಬಾರದು.

ಕೂಡಿಸುವಾಗ ಒಂದು ರಬ್ಬರ್ ಬಿಲ್ಲೆ ಸ್ಪೋಕುಗಳ ಒಳಗೆ, ಇನ್ನೊಂದು ಸ್ಪೋಕು ಮತ್ತು ಸ್ಪ್ರಾಕೆಟ್ಟಿನ ನಡುವೆ ಇರಲಿ. ಒಳಗಿನ ಬಿಲ್ಲೆಯ ಹಿಂದೆ ಕಬ್ಬಿಣದ ಪಟ್ಟಿಗಳು ತಪ್ಪದೆ ಬರಬೇಕು. ಬೋಲ್ಟುಗಳನ್ನು ಮೊದಲು ಕೈಯಲ್ಲೇ ಹಿಡಿಸಿ, ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಫ್ರೇಮಿಗೆ ಒಂದು ಗಟ್ಟಿ ತಂತಿ ಕಟ್ಟಿ ಅದರ ತುದಿ ಹಲ್ಲುಗಳಿಗೆ ತಾಗುವಷ್ಟು ಹತ್ತಿರ ತಂದು, ಗಾಲಿಯನ್ನು ನಿಧಾನವಾಗಿ ತಿರುಗಿಸುತ್ತ ನೋಡಿರಿ. ಸಂದು ಹೆಚ್ಚು ಕಡಿಮೆಯಾದರೆ ಸ್ಪ್ರಾಕೆಟ್ ನಡುವಿಗೆ ಕೂತಿಲ್ಲವೆಂದೇ ಅರ್ಥ. ನಿಮ್ಮ ಚೈನು ಜೋಲುವುದಕ್ಕೂ ಇದೇ ಕಾರಣ. ಸಂದು ಸುತ್ತಲೂ ಒಂದೇ ಸಮ ಬರುವ ತನಕ ಸರಿಸಿ, ಆಮೇಲೆ ಒಂದು ಬೋಲ್ಟಿಗೆ ಸ್ವಲ್ಪ ಪಾನಾ ಕೊಟ್ಟು, ನಡುವೆ ಮೂರನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತ, ಹಲವು ಸುತ್ತುಗಳಲ್ಲಿ ಬಿಗಿಯಿರಿ. ಪಕ್ಕಪಕ್ಕದ ಬೋಲ್ಟುಗಳನ್ನೇ ಬಿಗಿಯುತ್ತ ಹೋದರೆ ರಬ್ಬರು ಒಂದು ಕಡೆ ಹೆಚ್ಚು ಅದುಮಿ ಸ್ಪ್ರಾಕೆಟ್ ಓರೆಯಾಗುತ್ತದೆ.

ಮರುಪ್ರಶ್ನೆ: ತಿಳಿಯಿತು ಸರ್. ಗಾಲಿ ಕಟ್ಟಿಸುವ ಬದಲು ಸ್ಪ್ರಾಕೆಟ್ಟನ್ನು ಹಬ್ಬಿಗೇ ವೆಲ್ಡಿಂಗ್ ಮಾಡಿಸಬಹುದೇ? ಇಲ್ಲಿ ಒಬ್ಬರು ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ.

ಉತ್ತರ: ಬೇಡ. ತೆಳು ತಗಡಿನ ಹಬ್ಬು ಆ ಕಾವಿಗೆ ಸೊಟ್ಟಗಾಗುತ್ತದೆ, ಗುಂಡುಗಳು ಉರುಳುವ ಬಟ್ಟಲಿನ ಗಡಸುತನವೂ ಹೋಗುತ್ತದೆ. ಸ್ಪೋಕುಗಳ ತಂಟೆಯೇ ಬೇಡವೆಂದರೆ ಎರಡು ಹೋಳುಗಳಿಂದ ಹಬ್ಬನ್ನು ಬಿಗಿದಪ್ಪುವ ಅಡಾಪ್ಟರ್ ಸಿಗುತ್ತದೆ, ಸ್ಪ್ರಾಕೆಟ್ ಅದಕ್ಕೇ ಕೂರುತ್ತದೆ. ಹಬ್ಬಿನ ದಪ್ಪವನ್ನು ವರ್ನಿಯರ್ ಅಳತೆಗೋಲಿನಿಂದ ಅಳೆದ ಮೇಲೆಯೇ ತರಿಸಿರಿ, ಹಳೆಯ ಸಣ್ಣ ಹಬ್ಬಿಗೆ ಅದು ಸಡಿಲವಾಗಬಹುದು.

ಚೈನಿನ ನಡುವೆ ಅರ್ಧ ಇಂಚಿನಷ್ಟು ಆಟ ಬಿಡಿರಿ. ರಬ್ಬರು ಅದುಮಿಕೊಳ್ಳುವುದರಿಂದ ಮೊದಲ ಓಟ ಮುಗಿದ ಕೂಡಲೇ ಎಲ್ಲ ನಟ್ಟುಗಳಿಗೂ ಮತ್ತೆ ಪಾನಾ ಹಾಕಬೇಕು. ಮಳೆಗಾಲದಲ್ಲಿ ಎರಿಮಣ್ಣು ಸ್ಪ್ರಾಕೆಟ್ಟಿನ ಹಲ್ಲುಗಳಲ್ಲಿ ಮೆತ್ತಿಕೊಂಡರೆ ಚೈನು ಹಾರುತ್ತದೆ, ತೊಳೆದೇ ಓಡಿಸಿರಿ.

ಇನ್ನೊಂದು ಮಾತು: 1988ರ ಮೋಟಾರು ವಾಹನ ಕಾಯ್ದೆ 25 ಸಿಸಿವರೆಗಿನ ಎಂಜಿನ್ ಇರುವ, ನಾಲ್ಕಕ್ಕಿಂತ ಕಡಿಮೆ ಗಾಲಿಯ ಬಂಡಿಯನ್ನು ಮಾತ್ರ ಮೋಟಾರು ವಾಹನವಲ್ಲವೆಂದು ಬಿಟ್ಟಿದೆ. ನಿಮ್ಮದು 49 ಸಿಸಿ. ರಸ್ತೆಗೆ ಇಳಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ನೋಂದಣಿಯ ವಿಷಯ ಕೇಳಿಕೊಳ್ಳಿರಿ.