ಹೊಸ ಹೈಬ್ರಿಡ್ ಕಾರು, ಲೀಟರಿಗೆ 17 ಕಿ.ಮೀ. ಮಾತ್ರ: ಗಾಡಿ ತಪ್ಪೋ, ಓಡಿಸುವ ರೀತಿ ತಪ್ಪೋ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ಸರ್, ನಮಸ್ಕಾರ. ಎರಡು ತಿಂಗಳ ಹಿಂದೆ ಪೆಟ್ರೋಲ್ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ ಮೋಟರೂ ಇರುವ ಕಾರು) ತಗೊಂಡೆವು. 1.5 ಲೀಟರ್ ಇಂಜಿನ್. ಕಾಗದದಲ್ಲಿ ಲೀಟರಿಗೆ 27 ಕಿ.ಮೀ. ದಾಟಿಸಿ ಬರೆದಿದ್ದಾರೆ. ನನಗೆ ಸಿಗುತ್ತಿರುವುದು 17. ಬೆಳಿಗ್ಗೆ ಮಗಳನ್ನು ಸರಸ್ವತಿಪುರಂನಲ್ಲಿರುವ ಸ್ಕೂಲಿಗೆ ಬಿಟ್ಟು ಬರುತ್ತೇನೆ. ಮಧ್ಯಾಹ್ನ ಕರೆದುಕೊಂಡು ಬರುತ್ತೇನೆ. ಸಂಜೆ ಒಮ್ಮೊಮ್ಮೆ ದೇವರಾಜ ಮಾರುಕಟ್ಟೆ. ಪೆಟ್ರೋಲ್ ಉಳಿಯಲಿ ಅಂತ ತುಂಬಾ ಮೆತ್ತಗೆ ಓಡಿಸಿ, ಆದಷ್ಟೂ ಬ್ಯಾಟರಿಯಲ್ಲೇ ಹೋಗುತ್ತೇನೆ. ಗಾಡಿಯಲ್ಲೇ ತೊಂದರೆ ಇದೆಯಾ?

ಉತ್ತರ (ಹೈಬ್ರಿಡ್ ಸರ್ವಿಸ್ ಟೆಕ್ನಿಷಿಯನ್):
ನಮಸ್ಕಾರ ಸರ್. ನೀವು ಹೇಳಿದ್ದು ನೋಡಿದರೆ ಗಾಡಿ ಸರಿಯಾಗಿಯೇ ಇದೆ ಅನ್ನಿಸುತ್ತದೆ. "ಆದಷ್ಟೂ ಬ್ಯಾಟರಿಯಲ್ಲೇ" ಅಂದಿರಲ್ಲ, ನಷ್ಟ ಆಗುತ್ತಿರುವುದು ಅಲ್ಲೇ.

ನಿಮ್ಮ ಗಾಡಿಗೆ ಚಾರ್ಜಿಂಗ್ ಪ್ಲಗ್ ಇಲ್ಲ. ಬ್ಯಾಟರಿಯಲ್ಲಿರುವ ಕರೆಂಟೆಲ್ಲ ನೀವು ಬಂಕಿನಲ್ಲಿ ಹಾಕಿಸಿದ ಪೆಟ್ರೋಲಿನಿಂದಲೇ ಬಂದದ್ದು. ಬ್ಯಾಟರಿಯೂ ಚಿಕ್ಕದು. 1.5 ಲೀಟರ್ ಹೈಬ್ರಿಡ್‌ಗಳಲ್ಲಿ ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ ಹಿಡಿದರೆ ಹೆಚ್ಚು. ಅದು ತುಂಬುವುದು ಎರಡು ದಾರಿಯಲ್ಲಿ. ಬ್ರೇಕ್ ಒತ್ತಿದಾಗ, ಆಕ್ಸಿಲರೇಟರ್ ಬಿಟ್ಟಾಗ ಗಾಡಿಯ ಓಟವೇ ಕರೆಂಟಾಗುತ್ತದೆ. ಇದು ಪುಕ್ಕಟೆ. ಇನ್ನೊಂದು, ಇಂಜಿನ್ ಪೆಟ್ರೋಲ್ ಸುಟ್ಟು ತುಂಬಿಸುವುದು. ಇದರಲ್ಲಿ ತುಂಬುವಾಗ ಒಂದಿಷ್ಟು, ಬಳಸುವಾಗ ಒಂದಿಷ್ಟು ಸೋರಿ ಹೋಗುತ್ತದೆ. ನೀವು ಹಟ ಹಿಡಿದು ಬ್ಯಾಟರಿ ಖಾಲಿ ಮಾಡಿದರೆ ಎರಡನೇ ದಾರಿಯೇ ಜಾಸ್ತಿಯಾಗುತ್ತದೆ.

ಹಾಗಾಗಿ ಸಿಗ್ನಲ್ ಬಿಟ್ಟ ಮೇಲೆ ಹೆದರದೆ, ಮಾಮೂಲಿಯಾಗಿ 40ರವರೆಗೆ ಹೋಗಿ. ಇಂಜಿನ್ ಶುರುವಾಗಲಿ ಬಿಡಿ. ಆ ಹೊತ್ತಿನಲ್ಲಿ ಅದು ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ಆಮೇಲೆ ಕಾಲು ಸ್ವಲ್ಪ ಎತ್ತಿ. ಇಂಜಿನ್ ನಿಂತು ಗಾಡಿ ಬ್ಯಾಟರಿಯಲ್ಲಿ ಜಾರಿಕೊಂಡು ಹೋಗುತ್ತದೆ. ಮುಂದೆ ಹಂಪ್ ಅಥವಾ ಕೆಂಪು ದೀಪ ಕಂಡರೆ ದೂರದಿಂದಲೇ ಮೆಲ್ಲಗೆ, ಉದ್ದಕ್ಕೆ ಬ್ರೇಕ್ ಒತ್ತಿ. ಹತ್ತಿರ ಹೋಗಿ ಗಕ್ಕನೆ ಒತ್ತಿದರೆ ಬ್ರೇಕ್ ಪ್ಯಾಡ್ ಉಜ್ಜಿ ಎಲ್ಲ ಬಿಸಿಯಾಗಿ ಹೋಗುತ್ತದೆ, ಬ್ಯಾಟರಿಗೆ ಸಿಗುವುದು ಕಡಿಮೆ. ನಾನು ಹೊಸ ಗಿರಾಕಿಗಳ ಪಕ್ಕ ಕೂತು ಮೊದಲು ಹೇಳಿಕೊಡುವುದು ಈ ಬ್ರೇಕ್ ವಿಷಯವನ್ನೇ. ಸಿಗ್ನಲ್‌ನಲ್ಲಿ ಗೇರನ್ನು ಎನ್‌ಗೆ (ನ್ಯೂಟ್ರಲ್‌ಗೆ) ಹಾಕುವ ಅಭ್ಯಾಸ ಇದ್ದರೆ ಬಿಡಿ. ಎನ್‌ನಲ್ಲಿದ್ದಾಗ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಡಿಯಲ್ಲೇ (ಡ್ರೈವ್) ಇಟ್ಟು ಬ್ರೇಕ್ ಹಿಡಿದರೆ ಸಾಕು.

ಇನ್ನು ಸ್ಕೂಲಿನ ಟ್ರಿಪ್. ಇಂಜಿನ್ ತಣ್ಣಗಿದ್ದರೆ ಬ್ಯಾಟರಿ ತುಂಬಿದ್ದರೂ ಅದು ಸ್ವಲ್ಪ ಹೊತ್ತು ಓಡಲೇಬೇಕು. ತಾನೂ ಬಿಸಿಯಾಗಬೇಕು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರೂ ಬಿಸಿಯಾಗಬೇಕು. ಅದು ಹದಕ್ಕೆ ಬರುವಷ್ಟರಲ್ಲಿ ನಿಮ್ಮ ಸ್ಕೂಲ್ ಬಂದಿರುತ್ತದೆ! ಮಧ್ಯಾಹ್ನ ಮತ್ತೆ ಮೊದಲಿನಿಂದ ಬಿಸಿ ಮಾಡಬೇಕು. ಸಂಜೆ ಇನ್ನೊಮ್ಮೆ. ಮಗಳನ್ನು ಬಿಟ್ಟು ಮನೆಗೆ ಬರುವ ಬದಲು ಹಾಗೇ ಮಾರ್ಕೆಟ್ ಮುಗಿಸಿಕೊಂಡು ಬನ್ನಿ. ಒಂದು ಸಲ ಬಿಸಿಯಾದ ಇಂಜಿನ್‌ನಿಂದ ಎರಡು ಕೆಲಸ ಆಗುತ್ತದೆ.

ಕಾಗದದ 27 ಸುಳ್ಳಲ್ಲ. ಆದರೆ ಅದು ಲ್ಯಾಬಿನಲ್ಲಿ, ರೋಲರ್ ಮೇಲೆ, ಎಸಿ ಹಾಕದೆ ಅಳೆದದ್ದು. ನಮ್ಮ ರಸ್ತೆಯಲ್ಲಿ ಅಷ್ಟೇ ಬರಬೇಕು ಅಂತ ಕಾಯಬೇಡಿ.

ಪ್ರಶ್ನೆ (ಮಂಡ್ಯ):
ಅಣ್ಣಾ, ನಾನು ದಿನಾ ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಹೋಗುತ್ತೇನೆ. ನನ್ನದೂ ಹೈಬ್ರಿಡ್. ಎಕ್ಸ್‌ಪ್ರೆಸ್‌ವೇನಲ್ಲಿ 100ರಲ್ಲಿ ಒಂದೇ ಸಮ ಹೋಗುತ್ತೇನೆ. ಆದರೂ ಮೈಸೂರಿನ ಒಳಗೆ ಓಡಾಡಿದ ದಿನವೇ ಮೈಲೇಜ್ ಜಾಸ್ತಿ. ಇದು ಉಲ್ಟಾ ಅಲ್ವಾ?

ಉತ್ತರ:
ಮಾಮೂಲಿ ಪೆಟ್ರೋಲ್ ಗಾಡಿಗೆ ಉಲ್ಟಾ ಅಕ್ಕ, ಹೈಬ್ರಿಡ್‌ಗೆ ಅದೇ ಸರಿ. ಎಕ್ಸ್‌ಪ್ರೆಸ್‌ವೇನಲ್ಲಿ ಬ್ರೇಕೇ ಒತ್ತುವುದಿಲ್ಲ, ಹಾಗಾಗಿ ವಾಪಸ್ ಸಿಗುವ ಕರೆಂಟೂ ಇಲ್ಲ. ಅದರ ಮೇಲೆ ಗಾಳಿ ತಡೆಯುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಏರಿದ್ದು ಕಾಲು ಭಾಗ. ಗಾಳಿಯ ತಡೆ ಏರುವುದು ಒಂದೂವರೆ ಪಟ್ಟಿಗಿಂತ ಜಾಸ್ತಿ. ನಿಮ್ಮದು ಸುಮಾರು 45 ಕಿ.ಮೀ. ದಾರಿ. 100ರಲ್ಲಿ 27 ನಿಮಿಷ, 80ರಲ್ಲಿ 34 ನಿಮಿಷ. ಏಳು ನಿಮಿಷ ಮುಂಚೆ ಹೊರಟು ಎಡಗಡೆ ಲೇನ್‌ನಲ್ಲಿ ಹೋಗಿ ನೋಡಿ. ಲಾರಿ ಹಿಂದೆ ಅಂಟಿಕೊಂಡು ಹೋದರೆ ಉಳಿತಾಯ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಅದು ಗಕ್ಕನೆ ನಿಂತರೆ ನಿಮಗೆ ಜಾಗವೇ ಇರುವುದಿಲ್ಲ.

ಟೈರ್ ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿದ್ದಾಗಲೇ ಚೆಕ್ ಮಾಡಿಸಿ. ಮೈಸೂರು ತಲುಪಿದ ಮೇಲೆ ನೋಡಿದರೆ ಬಿಸಿಗೆ ಜಾಸ್ತಿ ತೋರಿಸುತ್ತದೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಎಷ್ಟಿದೆಯೋ ಅಷ್ಟೇ ಇರಲಿ.

ಪ್ರಶ್ನೆ (ಕುವೆಂಪುನಗರ):
ಇನ್ನೊಂದು ಕೇಳುತ್ತೇನೆ ಸರ್. ಚಾಮುಂಡಿ ಬೆಟ್ಟ ಇಳಿಯುವಾಗ ಬ್ಯಾಟರಿ ಫುಲ್ ತೋರಿಸಿತು. ಆಮೇಲೆ ಇಂಜಿನ್ ಜೋರಾಗಿ ಕೂಗಿತು. ಇಳಿಜಾರಿನಲ್ಲೂ ಪೆಟ್ರೋಲ್ ಕುಡಿಯುತ್ತಾ?

ಉತ್ತರ:
ಗಾಬರಿ ಬೇಡ ಸರ್. ಬ್ಯಾಟರಿ ತುಂಬಿದ ಮೇಲೆ ಕರೆಂಟಿಗೆ ಜಾಗವಿಲ್ಲ. ಆಗ ಗಾಡಿ ಇಂಜಿನ್ನನ್ನು ಸುಮ್ನೆ ತಿರುಗಿಸಿ ಅದನ್ನೇ ಬ್ರೇಕ್ ಮಾಡಿಕೊಳ್ಳುತ್ತದೆ. ಪೆಟ್ರೋಲ್ ಸುಟ್ಟು ಬಂದ ಸದ್ದಲ್ಲ ಅದು. ಗೇರ್ ಲಿವರಿನಲ್ಲಿ ಬಿ ಅಂತ ಇರುವುದೂ ಇದೇ ಕೆಲಸಕ್ಕೆ. ಉದ್ದ ಇಳಿಜಾರಿನಲ್ಲಿ ಹಾಕಿ, ಊರೊಳಗೆ ಬೇಡ.

ಹಿಂದಿನ ಸೀಟಿನ ಪಕ್ಕ ಜಾಲರಿ ಇದ್ದರೆ ಅದರ ಮೇಲೆ ಸ್ಕೂಲ್ ಬ್ಯಾಗ್ ಇಡಬೇಡಿ. ತುಂಬಾ ಹೈಬ್ರಿಡ್‌ಗಳಲ್ಲಿ ಬ್ಯಾಟರಿ ತಂಪಾಗುವುದು ಅಲ್ಲಿಂದ ಎಳೆದ ಗಾಳಿಯಿಂದ. ಎಸಿಯನ್ನು 25ರಲ್ಲಿಡಿ. ಅದೂ ಅದೇ ಬ್ಯಾಟರಿಯಿಂದ ಓಡುತ್ತದೆ.

ಮೈಲೇಜನ್ನು ಪರದೆಯಲ್ಲಿ ನೋಡುವ ಬದಲು ಒಂದೇ ಬಂಕಿನಲ್ಲಿ, ಒಂದೇ ಪಂಪಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಅಳೆಯಿರಿ. ಪಂಪ್ ತಾನಾಗೇ ಮೊದಲ ಸಲ ನಿಂತಾಗ ಸಾಕು ಅನ್ನಿ. ಮೂರು ಸಲದ ಲೆಕ್ಕ ಇಲ್ಲಿ ಬರೆಯಿರಿ. ಆಗಲೂ 17ರಲ್ಲೇ ಇದ್ದರೆ ಗಾಡಿ ತನ್ನಿ. ಚಕ್ರ ಎತ್ತಿ, ಬ್ರೇಕ್ ಹಿಡಿದುಕೊಂಡಿದೆಯಾ, ಅಲೈನ್‌ಮೆಂಟ್ ತಪ್ಪಿದೆಯಾ ಅಂತ ನಾನೇ ನೋಡುತ್ತೇನೆ.