ಬಲ್ಬಿನ ರೋಧ 7 ಓಮಾ, ಒಂದು ಓಮಿಗೂ ಕಡಿಮೆಯಾ? ಅಳೆದು ನೋಡಿದವರು ಹೇಳಿ

ಪ್ರಶ್ನೆ:
12 ವೋಲ್ಟ್, 21 ವ್ಯಾಟಿನ ಫಿಲಮೆಂಟ್ ಬಲ್ಬ್ ಒಂದನ್ನು ಬ್ಯಾಟರಿಗೆ ಹಾಕಿ ಉರಿಸಿದೆ. ಮಲ್ಟಿಮೀಟರಿನಲ್ಲಿ ವೋಲ್ಟೇಜ್ 12.1 ಬಂತು, ಕರೆಂಟ್ 1.7 ಆಂಪಿಯರ್. ಭಾಗಿಸಿದರೆ ರೋಧ ಸುಮಾರು 7.1 ಓಮ್. ಬಲ್ಬ್ ಬಿಚ್ಚಿ ನೇರವಾಗಿ ಓಮ್ ರೇಂಜಿನಲ್ಲಿ ಅಳೆದರೆ 0.8 ಓಮ್ ತೋರಿಸುತ್ತದೆ. ಮೀಟರ್ ಕೆಟ್ಟಿದೆಯಾ? ಪವರ್ ಲೆಕ್ಕಕ್ಕೆ ಯಾವುದನ್ನು ಹಿಡಿಯಲಿ?

ವಿಜ್ಞಾನ ಪಾಠ ಹೇಳುವವರೊಬ್ಬರು:
ಮೀಟರ್ ಸರಿಯಾಗಿಯೇ ಇದೆ. ನೀವು ಅಳೆದಿದ್ದು ಎರಡು ಬೇರೆ ಸ್ಥಿತಿಯ ಬಲ್ಬನ್ನು. ಉರಿಯುವಾಗ ಟಂಗ್‌ಸ್ಟನ್ ತಂತಿ 2,000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಅಷ್ಟು ಕಾದಾಗ ಅದರ ರೋಧ ತಣ್ಣಗಿದ್ದಾಗಿನದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಆಗುತ್ತದೆ. ಓಮ್ ರೇಂಜಿನಲ್ಲಿ ಮೀಟರ್ ತನ್ನೊಳಗಿನ ಬ್ಯಾಟರಿಯಿಂದ ಒಂಚೂರು ಕರೆಂಟ್ ಬಿಟ್ಟು ನೋಡುತ್ತದೆ ಅಷ್ಟೇ. ಅದಕ್ಕೆ ತಂತಿ ಬಿಸಿಯೇ ಆಗುವುದಿಲ್ಲ.

ಪವರ್‌ಗೆ ರೋಧದ ಗೊಡವೆಯೇ ಬೇಡ. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿ: 12.1 × 1.7 = 20.6 ವ್ಯಾಟ್. ಬಲ್ಬಿನ ಮೇಲೆ ಬರೆದ 21ಕ್ಕೆ ಹತ್ತಿರವೇ ಬಂತಲ್ವಾ? ಈಗ ಓಮ್ ರೇಂಜಿನ 0.8 ಹಿಡಿದು, ವೋಲ್ಟೇಜ್ ವರ್ಗವನ್ನು ರೋಧದಿಂದ ಭಾಗಿಸಿ ನೋಡಿ. 183 ವ್ಯಾಟ್ ಬರುತ್ತದೆ! ಸೂತ್ರ ಸರಿಯೇ ಇದೆ, ಅದಕ್ಕೆ ಹಾಕಿದ ರೋಧ ಆ ಹೊತ್ತಿನದಲ್ಲ.

ಹಾಗಂತ ತಣ್ಣಗಿನ ಅಳತೆ ಸುಮ್ನೆ ಅಲ್ಲ. ಸ್ವಿಚ್ ಹಾಕಿದ ಆ ಕ್ಷಣಕ್ಕೆ ಅದೇ ಸತ್ಯ. ಆಗ ಕರೆಂಟ್ ಹತ್ತು ಆಂಪಿಯರಿಗೂ ಮೇಲೆ ಹಾರಿ, ತಂತಿ ಕಾದ ಕೂಡಲೇ 1.7ಕ್ಕೆ ಇಳಿಯುತ್ತದೆ. ಫಿಲಮೆಂಟ್ ಬಲ್ಬುಗಳು ಎಷ್ಟೋ ಸಲ ಸ್ವಿಚ್ ಹಾಕಿದಾಗಲೇ ಹೋಗುವುದು ಇದಕ್ಕೇ.

ರಿಪೇರಿ ಕೆಲಸ ಮಾಡುವವರೊಬ್ಬರು:
ಮೇಲಿನವರು ಹೇಳಿದ್ದು ಸರಿ. ಆದರೆ ಆ 0.8ರಲ್ಲೂ ಸ್ವಲ್ಪ ಮೀಟರಿನ ವೈರಿನದೇ ಪಾಲು. ಎರಡು ಪ್ರೋಬುಗಳ ತುದಿ ಒಂದಕ್ಕೊಂದು ಒತ್ತಿ ಹಿಡಿದು ನೋಡಿ. 0.2 ಅಥವಾ 0.3 ತೋರಿಸಿದರೆ ಅದನ್ನು ಕಳೆಯಿರಿ. ದೊಡ್ಡ ರೋಧಕ್ಕೆ ಇದು ಲೆಕ್ಕಕ್ಕಿಲ್ಲ, ಒಂದು ಓಮಿನ ಆಸುಪಾಸಿನಲ್ಲಿ ಮಾತ್ರ ಕಾಲುಭಾಗ ತಪ್ಪಾಗಿಬಿಡುತ್ತದೆ.

ಇನ್ನೊಂದು, ವೋಲ್ಟೇಜನ್ನು ಬ್ಯಾಟರಿ ಹತ್ತಿರ ಅಳೆಯಬೇಡಿ. ಬಲ್ಬಿನ ಎರಡು ಕಾಲಿಗೇ ಪ್ರೋಬ್ ಇಟ್ಟು ಅಳೆಯಿರಿ, ಅದೂ ಆಂಪಿಯರ್ ಮೀಟರ್ ಸೀರೀಸಿನಲ್ಲಿ ಇದ್ದಾಗಲೇ. ವೈರ್, ಹೋಲ್ಡರ್, ಮೀಟರ್ ಎಲ್ಲವೂ ಸ್ವಲ್ಪ ಸ್ವಲ್ಪ ವೋಲ್ಟೇಜ್ ತಿನ್ನುತ್ತವೆ. ಒಂದೇ ಮೀಟರ್ ಇದ್ದರೆ ಇದು ಕಷ್ಟ. ಯಾರದ್ದಾದರೂ ಇನ್ನೊಂದು ಎರವಲು ತನ್ನಿ.

ಕರೆಂಟ್ ಅಳೆದಾದ ಮೇಲೆ ಕೆಂಪು ಲೀಡನ್ನು 10 ಆಂಪಿಯರ್ ತೂತಿನಿಂದ ಕಿತ್ತು ವೋಲ್ಟಿನ ತೂತಿಗೆ ಹಾಕಿದಿರಾ? ಡಯಲ್ ತಿರುಗಿಸಿದರಷ್ಟೇ ಸಾಲದು. ಲೀಡ್ ಅಲ್ಲೇ ಇದ್ದು ಪ್ರೋಬನ್ನು ಬ್ಯಾಟರಿಗೆ ಇಟ್ಟರೆ ನೇರ ಶಾರ್ಟ್. ಒಳಗಿನ ಫ್ಯೂಸ್ ಹೋದರೆ ಪುಣ್ಯ. ಕೆಲವು ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ.

ಪ್ರಶ್ನೆ ಕೇಳಿದವರು:
ಅದೇ ಬಲ್ಬಿಗೆ 6 ವೋಲ್ಟ್ ಕೊಟ್ಟು ನೋಡಿದೆ. ಕರೆಂಟ್ ಅರ್ಧ, ಅಂದರೆ 0.85 ಆಗಬೇಕಿತ್ತು. 1.15 ಬಂತು.

ಪಾಠ ಹೇಳುವವರು:
ಒಳ್ಳೇ ಕೆಲಸ ಮಾಡಿದಿರಿ. 6 ÷ 1.15 ಅಂದರೆ 5.2 ಓಮ್. ತಂತಿ ಅಷ್ಟು ಕಾದಿಲ್ಲ, ರೋಧವೂ ಅಷ್ಟು ಏರಿಲ್ಲ. ಪವರ್ 6.9 ವ್ಯಾಟ್. ರೋಧ ಬದಲಾಗದ ವಸ್ತುವಾಗಿದ್ದರೆ ವೋಲ್ಟೇಜ್ ಅರ್ಧವಾದಾಗ ಪವರ್ ಕಾಲುಭಾಗಕ್ಕೆ ಇಳಿಯಬೇಕಿತ್ತು. ಇಲ್ಲಿ ಮೂರನೇ ಒಂದು ಭಾಗ ಉಳಿದಿದೆ. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ ಕರೆಂಟ್ ವೋಲ್ಟೇಜಿನ ಜೊತೆ ಸಮನಾಗಿ ಏರುವುದು ಉಷ್ಣತೆ ಬದಲಾಗದಿದ್ದಾಗ. ಹೀಟರಿನ ನೈಕ್ರೋಮ್ ಸುರುಳಿ ಇಷ್ಟು ಆಟ ಆಡುವುದಿಲ್ಲ. ಅದರ ರೋಧ ಬಿಸಿಗೆ ಸ್ವಲ್ಪವೇ ಏರುತ್ತದೆ. 230 ವೋಲ್ಟಿಗೆ 1,000 ವ್ಯಾಟ್ ಇರುವ ಹೀಟರ್ ಅಂದರೆ ಸುಮಾರು 53 ಓಮ್. ಲೈನ್ 200ಕ್ಕೆ ಇಳಿದರೆ ಅದು 755 ವ್ಯಾಟಿನ ಹತ್ತಿರ ಕೊಡುತ್ತದೆ ಅಂತ ಧೈರ್ಯವಾಗಿ ಹೇಳಬಹುದು.

ಮತ್ತೊಬ್ಬರು:
ಮಿಲಿಆಂಪಿಯರ್ ಬಗ್ಗೆ ಒಂದು ಮಾತು. 12 ವೋಲ್ಟ್, 20 ಮಿಲಿಆಂಪಿಯರ್ ಇದ್ದಾಗ 12 ÷ 20 = 0.6 ಅಂತ ಬರೆದು ಓಮ್ ಅಂದುಬಿಡುತ್ತಾರೆ. ಅದು 0.6 ಕಿಲೋಓಮ್, ಅಂದರೆ 600 ಓಮ್. ವೋಲ್ಟನ್ನು ಮಿಲಿಆಂಪಿಯರಿನಿಂದ ಭಾಗಿಸಿದರೆ ಬರುವುದು ಕಿಲೋಓಮ್, ಗುಣಿಸಿದರೆ ಮಿಲಿವ್ಯಾಟ್. ಇಷ್ಟು ನೆನಪಿದ್ದರೆ ಸೊನ್ನೆ ಎಣಿಸುವ ತಲೆನೋವಿಲ್ಲ.

ಎಲೆಕ್ಟ್ರಾನಿಕ್ಸ್ ಹವ್ಯಾಸಿ:
ಮುಂದೆ ಎಲ್‌ಇಡಿಗೆ ಕೈ ಹಾಕುತ್ತೀರಿ ಅಂತ ಈಗಲೇ ಹೇಳುತ್ತೇನೆ. ಎಲ್‌ಇಡಿಗೆ ಇಂತಿಷ್ಟೇ ರೋಧ ಅಂತ ಇಲ್ಲ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಹಿಡಿದುಕೊಳ್ಳುತ್ತದೆ. 12ರಲ್ಲಿ ಉಳಿದ 10 ವೋಲ್ಟನ್ನು ರೆಸಿಸ್ಟರ್ ತಡೆಯಬೇಕು. 20 ಮಿಲಿಆಂಪಿಯರ್ ಬೇಕಿದ್ದರೆ 500 ಓಮ್. ಸುಲಭವಾಗಿ ಸಿಗುವುದು 470 ಅಥವಾ 560. ನಾನಾದರೆ 560 ಹಾಕುತ್ತೇನೆ, ಕರೆಂಟ್ 18ರ ಹತ್ತಿರ ನಿಲ್ಲುತ್ತದೆ, ಬೆಳಕಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ರೆಸಿಸ್ಟರಿನಲ್ಲಿ ಸುಡುವ ಪವರ್ 10 × 0.018, ಅಂದರೆ 0.18 ವ್ಯಾಟ್. ಕಾಲು ವ್ಯಾಟಿನದು ತಡೆದುಕೊಳ್ಳುತ್ತದೆ, ಆದರೆ ಚೆನ್ನಾಗಿ ಬಿಸಿಯಾಗುತ್ತದೆ. ಅರ್ಧ ವ್ಯಾಟಿನದು ಹಾಕಿ.

ರಿಪೇರಿಯವರು:
ಇದೆಲ್ಲ ಬ್ಯಾಟರಿಯ ಲೆಕ್ಕ. ಮನೆ ಲೈನಿನ ಫ್ಯಾನು, ಪಂಪಿಗೆ ವೋಲ್ಟ್ ಗುಣಿಸು ಆಂಪಿಯರ್ ಮಾಡಿದರೆ ನಿಜವಾದ ವ್ಯಾಟಿಗಿಂತ ಜಾಸ್ತಿ ಬರುತ್ತದೆ. ಪವರ್ ಫ್ಯಾಕ್ಟರಿನಿಂದಲೂ (ಆ ಗುಣಲಬ್ಧದಲ್ಲಿ ನಿಜವಾದ ವ್ಯಾಟಿನ ಪಾಲು ಎಷ್ಟು ಎಂದು ಹೇಳುವ, ಒಂದಕ್ಕಿಂತ ಕಡಿಮೆಯ ಸಂಖ್ಯೆ) ಗುಣಿಸಬೇಕು. ಅಲ್ಲಿ ವೈರ್ ಕತ್ತರಿಸಿ ಆಂಪಿಯರ್ ಮೀಟರ್ ಸೇರಿಸಲು ಹೋಗಬೇಡಿ, ಕ್ಲ್ಯಾಂಪ್ ಮೀಟರ್ ಬಳಸಿ. ಅದರ ಬಾಯೊಳಗೆ ಒಂದೇ ವೈರ್ ಇರಬೇಕು. ಫೇಸ್, ನ್ಯೂಟ್ರಲ್ ಎರಡೂ ಸೇರಿದರೆ ಪಂಪ್ ಓಡುತ್ತಿದ್ದರೂ ಸೊನ್ನೆ ತೋರಿಸುತ್ತದೆ.